ನರಕಕ್ಕೆ ಮೀಸಲಾದ ಕೈ

ಪೂರ್ವದ ಹೆಬ್ಬಾಗಿಲಿನಿಂದ ನಂದವಳಿಗೆಯನ್ನು ಪ್ರವೇಶಿಸುವ ಪಯಣಿಗನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಹನ್ನೊಂದು ದೇಗುಲಗಳ ಹನ್ನೊಂದು ಹೊಂಗಳಶಗಳು. ಆಮೇಲೆ ಕೋಟೆಯ ಕೊತ್ತಳ, ಆನೆಸಾಲೆಯ ಮಾಡು, ಗಂಧಿಗರ ಬೀದಿ, ಹೂವಾಡಿಗಿತ್ತಿಯರ ಬುಟ್ಟಿಗಳಲ್ಲಿ ರಾಶಿಬಿದ್ದ ಸುರಗಿ ಸಂಪಗೆ. ಮಧ್ಯಾಹ್ನದ ಮಂಗಳಾರತಿಗೆ ಹನ್ನೊಂದೂ ಗಂಟೆಗಳು ಒಟ್ಟಿಗೆ ಮೊಳಗಿದಾಗ ಬೀದಿಯ ಎತ್ತುಗಳು ಬೆದರಿ ಗಾಡಿಸಮೇತ ಓಡುತ್ತಿದ್ದವು. ಅವುಗಳ ಕಾಲಿಗೆ ಸಿಕ್ಕಿ ಬಿದ್ದವನನ್ನು ಎತ್ತುವ ಮೊದಲು ಪಟ್ಟಣಿಗರು ಗಂಟೆಯ ಕಡೆ ತಿರುಗಿ ಕೈಮುಗಿಯುತ್ತಿದ್ದರು. ಅಂಥ ಧರ್ಮಿಷ್ಠರಾದ ಜನ ಆ ಕಾಲದಲ್ಲಿ ಬೇರೆಲ್ಲೂ ಇರಲಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು.

ಈ ಭಕ್ತಿಯನ್ನು ಉತ್ತು ಬಿತ್ತು ಬೆಳೆ ತೆಗೆಯುತ್ತಿದ್ದವರು ರಾಜಗುರು ತ್ರಿಲೋಚನ ಪಂಡಿತರು. ದಿನವೂ ತುಪ್ಪದ ಊಟ ಮುಗಿಸಿ, ತಾಂಬೂಲ ಮೆದ್ದು, ಸೋಮೇಶ್ವರನ ರಂಗಮಂಟಪದಲ್ಲಿ ಕುಳಿತು, ದೇವರನ್ನು ನಂಬದವರಿಗೆ ಕಾದಿರುವ ಗತಿಯನ್ನು ಅವರು ವರ್ಣಿಸುತ್ತಿದ್ದರು. ಯಾವ ನರಕದಲ್ಲಿ ಎಷ್ಟು ಕೊಪ್ಪರಿಗೆ, ಯಾವ ಕೊಪ್ಪರಿಗೆಯಲ್ಲಿ ಯಾವ ಎಣ್ಣೆ, ನಾಸ್ತಿಕನ ನಾಲಗೆಯನ್ನು ಕೀಳುವ ಇಕ್ಕಳದ ಹಿಡಿ ಎಷ್ಟು ಗೇಣು, ಎಲ್ಲವೂ ಅವರಿಗೆ ಕರತಲಾಮಲಕ. ಅಲ್ಲಿ ನಾಲ್ಕು ವರುಷ ಪಾರುಪತ್ಯ ಮಾಡಿ ಬಂದವರೂ ಅಷ್ಟು ಖಚಿತವಾಗಿ ಹೇಳಲಾರರು. ಕೇಳುವವರು ಗಡಗಡ ನಡುಗುತ್ತಿದ್ದರು. ನಡುಗಿ, ಮನೆಗೆ ಹೋಗಿ, ಎಂದಿನಂತೆ ನೆರೆಯವನ ಬದುವನ್ನು ಒಂದು ಮೊಳ ಒತ್ತುತ್ತಿದ್ದರು.

ಪಂಡಿತರ ಪ್ರವಚನಕ್ಕೆ ಜೀವಂತ ನಿದರ್ಶನವೊಂದು ಬೇಕಲ್ಲ! ಅದಕ್ಕೆಂದೇ ಉಳಿಸಿಕೊಂಡಂತೆ ಪಟ್ಟಣದಲ್ಲಿ ಒಬ್ಬ ನಾಸ್ತಿಕನಿದ್ದ. ಅವನು ಶಾಸನಗಳನ್ನು ಕಲ್ಲಿಗೆ ಕೊರೆಯುವ ರೂವಾರಿ, ಕೇತೋಜ. ಅವನು ಕೊರೆದ ಅಕ್ಷರಗಳು ಮುತ್ತು ಪೋಣಿಸಿದಂತಿರುತ್ತಿದ್ದುದರಿಂದ ಅವನನ್ನು ಗಡೀಪಾರು ಮಾಡಲು ಯಾರಿಗೂ ಮನಸ್ಸಿರಲಿಲ್ಲ. "ನೋಡಿರಿ, ಅಲ್ಲಿ ನಡೆದು ಹೋಗುತ್ತಿದ್ದಾನಲ್ಲ, ಅವನ ಹೆಸರಿನ ಕೊಪ್ಪರಿಗೆಗೆ ಈಗಾಗಲೇ ಒಲೆ ಹೊತ್ತಿಸಿಟ್ಟಿದ್ದಾರೆ," ಎಂದು ಪಂಡಿತರು ಬೆರಳು ತೋರಿಸಿದರೆ, ಕೇತೋಜ ತಿರುಗಿಯೂ ನೋಡದೆ ಉಳಿಯ ಚೀಲವನ್ನು ಹೆಗಲಿಗೇರಿಸಿಕೊಂಡು ಮುಂದೆ ಸಾಗುತ್ತಿದ್ದ.

ಅವನೇನೂ ಹುಟ್ಟು ನಾಸ್ತಿಕನಲ್ಲ. ಹದಿನೇಳು ವರುಷಗಳ ಹಿಂದೆ ಅವನ ಹೆಂಡತಿ ಹೆರಿಗೆ ಬೇನೆಯಲ್ಲಿ ಮೂರು ದಿನ ನರಳಿದ್ದಳು. ಸೂಲಗಿತ್ತಿ ಇದ್ದುದು ಕೆರೆಯಾಚೆಯ ಕೇರಿಯಲ್ಲಿ. ಅವಳನ್ನು ಕರೆತರಲು ದಿನಶುದ್ಧಿ ಇಲ್ಲವೆಂದು ಪಂಡಿತರು ಹೇಳಿದರು. ಬದಲಿಗೆ ಶಾಂತಿ ಹೋಮ ಮಾಡಿಸಿದರು. ಹೋಮ ಸಾಂಗವಾಗಿ ನೆರವೇರಿತು. ತಾಯಿ ಮಗು ಎರಡೂ ಸತ್ತವು. ಅಂದಿನಿಂದ ಕೇತೋಜ ಯಾವ ಗುಡಿಯ ಮುಂದೆಯೂ ಕೈ ಜೋಡಿಸಲಿಲ್ಲ.

ಈ ಸಂಗತಿ ಆಗಿನ ರಾಣಿ ಲಚ್ಚಲದೇವಿಯವರ ಕಿವಿಗೆ ಬಿದ್ದು, ಆಕೆ ಕೆರೆಯ ಏರಿಯ ಪಕ್ಕದಲ್ಲಿ ಒಂದು ಪ್ರಸೂತಿಶಾಲೆಯನ್ನು ಕಟ್ಟಿಸಿದರು. ಯಾವ ಕೇರಿಯ, ಯಾವ ಕುಲದ ಹೆಂಗಸೇ ಬರಲಿ, ದಿನ ತಿಥಿ ನೋಡದೆ ಒಳಗೆ ಕರೆದುಕೊಳ್ಳತಕ್ಕದ್ದೆಂದು ಕಟ್ಟಳೆ ಮಾಡಿದರು. ಅದರ ನಡಾವಳಿಗೆ ಕೆರೆಯ ಕೆಳಗಿನ ಗದ್ದೆಯನ್ನು ಸೂರ್ಯಚಂದ್ರರಿರುವವರೆಗೆ ದತ್ತಿ ಬಿಟ್ಟು, ಬಾಗಿಲ ಮುಂದೆ ಬಳಪದ ಕಲ್ಲಿನ ಶಾಸನವೊಂದನ್ನು ನಿಲ್ಲಿಸಿದರು. ಕೊರೆದವನು ಕೇತೋಜನೇ. ಕೊನೆಯ ಸಾಲು ಎಲ್ಲ ಶಾಸನಗಳಲ್ಲಿರುವಂಥದೇ: 'ಇದನ್ ಅಳಿದವಂ ಅರುವತ್ತು ಸಾಸಿರ ವರ್ಷಂ ಮಲದೊಳ್ ಕ್ರಿಮಿಯಾಗಿ ಪುಟ್ಟುಗುಂ.' ಅದರ ಕೆಳಗೆ ನಾಲ್ಕು ಬೆರಳಷ್ಟು ಕಲ್ಲು ಖಾಲಿ ಉಳಿದಿತ್ತು.

ರಾಣಿಯವರು ತೀರಿಕೊಂಡು ಐದು ವರುಷಗಳಾಗಿದ್ದವು. ಸಿಂಹಾಸನದಲ್ಲಿದ್ದವನು ಅವರ ಮಗ ಕೊಮ್ಮರಸ. ಇಪ್ಪತ್ತೆರಡರ ಪ್ರಾಯ, ಆನೆಗೆ ಹೆದರನು, ಶತ್ರುವಿಗೆ ಹೆದರನು, ಪಂಚಾಂಗಕ್ಕೆ ಮಾತ್ರ ಹೆದರುವನು. ರಾಜ್ಯ ಆಳುತ್ತಿದ್ದವನು ಮಹಾಪ್ರಧಾನನಾದ ಬೊಪ್ಪದೇವ ದಂಡನಾಯಕ. ಈ ಬೊಪ್ಪದೇವನ ಮಗಳಿಗೆ ಕುಂದವಾಡಿಯ ಮಾಂಡಲಿಕನ ಮಗನೊಡನೆ ಸಂಬಂಧ ಕುದುರಿತ್ತು. ಬೀಗರು ಬಳುವಳಿಯಾಗಿ ಕೇಳಿದ್ದು ವರುಷಕ್ಕೆರಡು ಬೆಳೆ ಕೊಡುವ ಆ ಕೆರೆಯ ಕೆಳಗಿನ ಗದ್ದೆಯನ್ನೇ.

ಬೊಪ್ಪದೇವನಿಗೆ ಹೆಂಗಸರ ಶಾಪಕ್ಕೆ ಅಂಜಿಕೆಯಿರಲಿಲ್ಲ. ಕಲ್ಲಿನ ಶಾಪಕ್ಕೆ ಇತ್ತು. ಅರವತ್ತು ಸಾವಿರ ವರುಷ! ಅವನು ದಿನಕ್ಕೆರಡು ಬಾರಿ ಸ್ನಾನ ಮಾಡಿ ಕಸ್ತೂರಿ ಲೇಪಿಸಿಕೊಳ್ಳುತ್ತಿದ್ದ ಮನುಷ್ಯ. ಹುಳುವಾಗುವುದನ್ನಾದರೂ ಸಹಿಸಿಯಾನು, ಹುಳು ಇರಬೇಕಾದ ಜಾಗವನ್ನು ನೆನೆದೇ ಅವನಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ರಾಜಗುರುಗಳನ್ನು ಮನೆಗೆ ಕರೆಸಿ ಕಾಲಿಗೆ ಬಿದ್ದ.

ಪಂಡಿತರು ಕಣ್ಣುಮುಚ್ಚಿ ಯೋಚಿಸಿ, "ದಂಡನಾಯಕರೇ, ಶಾಸನದ ಮಾತನ್ನು ಗಮನವಿಟ್ಟು ನೋಡೋಣ. ಅಳಿದವನು, ಅಂದರೆ ಅಳಿಸಿದವನು, ಎಂದಿದೆ. ಅಳಿದದ್ದರಿಂದ ಫಲ ಉಂಡವನು ಎಂದಿಲ್ಲ. ಶಾಪ ಹಿಡಿಯುವುದು ಉಳಿ ಹಿಡಿದ ಕೈಯನ್ನು," ಎಂದರು.

"ಯಾವ ರೂವಾರಿ ತಾನೇ ಆ ಉಳಿ ಹಿಡಿಯಲು ಒಪ್ಪುತ್ತಾನೆ, ಪಂಡಿತರೇ?"

"ನರಕ ಹೇಗೂ ನಿಶ್ಚಯವಾಗಿರುವವನು ಒಪ್ಪಬಹುದು. ತುಂಬಿ ತುಳುಕುವ ಕೊಡಕ್ಕೆ ಇನ್ನೊಂದು ತಂಬಿಗೆ ಸುರಿದರೆ ಕೊಡಕ್ಕೇನು ನಷ್ಟ? ನಾನು ಆ ಕೇತೋಜನನ್ನು ಇಷ್ಟು ವರುಷ ಊರಲ್ಲಿ ಉಳಿಸಿಕೊಂಡದ್ದು ಸುಮ್ಮನೆಯೇ?" ಎಂದು ಪಂಡಿತರು ಮುಗುಳ್ನಕ್ಕರು. ಪರಮಾತ್ಮನ ನ್ಯಾಯದಲ್ಲಿ ಇಂಥದೊಂದು ಸಂದು ಇದೆಯೆಂದು ಕಂಡುಹಿಡಿದ ಇಬ್ಬರೂ ಭಕ್ತಿಯಿಂದ ಕೈಮುಗಿದರು. ಆ ಸಂದನ್ನು ಬಿಟ್ಟವನೂ ಅವನೇ ಅಲ್ಲವೇ!

ಕೇತೋಜ ಬಂದು ಜಗಲಿಯ ಕೆಳಗೆ ನಿಂತ. ಬಲಗೈಯಲ್ಲಿ ಚೀಲವಿದ್ದುದರಿಂದ ಬೊಪ್ಪದೇವ ಚಾಚಿದ ವೀಳ್ಯವನ್ನು ಎಡಗೈಯಲ್ಲಿ ಸ್ವೀಕರಿಸಿದ.

"ಎಡಗೈ!" ಪಂಡಿತರು ಮುಖ ಸಿಂಡರಿಸಿದರು. "ಎಡಗೈಯಿಂದ ಕೊಟ್ಟದ್ದೂ ಕೊಂಡದ್ದೂ ಮಾಡಿದ್ದೂ ದೇವರಿಗೆ ಸಲ್ಲದು. ನಿನಗೆ ಅಷ್ಟೂ ಗೊತ್ತಿಲ್ಲವಲ್ಲ."

"ಗೊತ್ತಾಯಿತು, ಪಂಡಿತರೇ," ಎಂದ ಕೇತೋಜ.

ಬೊಪ್ಪದೇವ ವಿಷಯ ತಿಳಿಸಿದ. ಶಾಸನವನ್ನು ಸಂಪೂರ್ಣ ಅಳಿಸಿ ಕಲ್ಲನ್ನು ನುಣ್ಣಗೆ ಮಾಡಿಕೊಟ್ಟರೆ ಕೇತೋಜನಿಗೆ ಆಸ್ಥಾನದ ರೂವಾರಿಯ ಪದವಿ, ಕೈಗೆ ಚಿನ್ನದ ಕಡಗ.

"ನನ್ನಿಂದಾಗದು, ಒಡೆಯಾ."

"ಯಾಕೆ? ದೇವರನ್ನು ನಂಬದ ನಿನಗೆ ನರಕದ ಭಯವೇ?"

"ದೇವರ ಮೂರ್ತಿಗಳನ್ನೂ ಕೆತ್ತಿದ್ದೇನೆ, ಒಡೆಯಾ. ಕಿವಿಯನ್ನು ಕೊರೆದದ್ದು ನಾನೇ. ಅದು ಎಷ್ಟು ಆಳವಿದೆಯೆಂದು ನನಗೆ ಗೊತ್ತು: ಒಂದು ಬೆರಳು. ನನಗೆ ಇರುವ ಭಯ ಅದಲ್ಲ. ಆ ಮನೆಯಲ್ಲಿ ಈಗ ಒಂಬತ್ತು ಮಂದಿ ಬಸುರಿಯರಿದ್ದಾರೆ. ಗದ್ದೆ ಹೋದರೆ ಅವರಿಗೆ ಗಂಜಿಯಿಲ್ಲ, ಸೂಲಗಿತ್ತಿಗೆ ಜೀವನವಿಲ್ಲ. ಮತ್ತೆ ಅವರೆಲ್ಲ ನಿಮ್ಮ ಪಂಚಾಂಗ ನೋಡಿಯೇ ಹೆರಬೇಕಾಗುತ್ತದೆ."

ಬೊಪ್ಪದೇವ ಕೋಪಗೊಳ್ಳಲಿಲ್ಲ. "ನೀನು ಒಲ್ಲೆಯೆಂದರೆ ಗಡಿಯಾಚೆಯಿಂದ ನಿನ್ನಂಥ ಇನ್ನೊಬ್ಬನನ್ನು ತರಿಸುತ್ತೇನೆ. ಹದಿನೈದು ದಿನ ತಡವಾದೀತು, ಅಷ್ಟೇ. ಅವನಿಗೆ ಆ ಕಲ್ಲಿನ ಮೇಲೆ ನಿನಗಿರುವಷ್ಟು ಮರುಕವೂ ಇರಲಾರದು. ಸುತ್ತಿಗೆಯಿಂದ ಪುಡಿ ಮಾಡಿಯಾನು. ಯೋಚಿಸು."

ಕೇತೋಜ ತನ್ನ ಬಲಗೈಯನ್ನು ನೋಡಿಕೊಂಡ. ಆಮೇಲೆ ಕೇಳಿದ: "ಕೆಲಸ ನಡೆಯುವಾಗ ಯಾರು ಯಾರು ಇರುತ್ತಾರೆ?"

"ಅರಸರೂ ನಾವೂ ಇಡೀ ಆಸ್ಥಾನವೂ. ಹಗಲಲ್ಲಿ, ನಾಲ್ಕು ಜನರೆದುರಿಗೆ ಆದ ಕೆಲಸವನ್ನು ಮುಂದೆ ಯಾರೂ ಪ್ರಶ್ನಿಸಬಾರದು."

"ಆದರೆ ನೋಡತಕ್ಕದ್ದಲ್ಲ!" ಎಂದು ಪಂಡಿತರು ತಟ್ಟನೆ ನಡುವೆ ಬಾಯಿ ಹಾಕಿದರು. "ಧರ್ಮ ಅಳಿಯುವುದನ್ನು ಕಣ್ಣಾರೆ ಕಂಡವನಿಗೂ ಕಿವಿಯಾರೆ ಕೇಳಿದವನಿಗೂ ಪಾಪದಲ್ಲಿ ಪಾಲಿದೆ. ಕಲ್ಲಿನ ಸುತ್ತ ತೆರೆ ಕಟ್ಟಿಸಬೇಕು. ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಬೇಕು. ಉಳಿಯ ಸದ್ದು ಕೇಳಿಸದಂತೆ ಭೇರಿ ಶಂಖಗಳು ಮೊಳಗುತ್ತಿರಬೇಕು."

ಕೇತೋಜ ಮೊದಲ ಬಾರಿಗೆ ತಲೆಯೆತ್ತಿ ಪಂಡಿತರ ಮುಖ ನೋಡಿದ. "ಪಂಡಿತರ ಅಪ್ಪಣೆಯಂತೆಯೇ ಆಗಲಿ. ನಾನು ಒಪ್ಪಿದೆ," ಎಂದ.

ಸುದ್ದಿ ಬೆಂಕಿಯಂತೆ ಹಬ್ಬಿತು. ಪ್ರಸೂತಿಶಾಲೆಯನ್ನು ನಡೆಸುತ್ತಿದ್ದ ಮುದಿ ಸೂಲಗಿತ್ತಿ ಮಾಕವ್ವೆ ಸೆರಗು ಬಿಗಿದು ಕೇತೋಜನ ಕೆಲಸದ ಕೊಟ್ಟಿಗೆಗೇ ಬಂದಳು. ಅವನು ಕುಲುಮೆಯ ಮುಂದೆ ಕುಳಿತು ಉಳಿಗಳಿಗೆ ಮೊನೆ ಹಾಕುತ್ತಿದ್ದ.

"ಸಣ್ಣ ಉಳಿಗೆ ಯಾಕೋ ಸಾಣೆ ಹಿಡೀತಿದ್ದೀ? ಅಳಿಸೋಕೆ ದೊಡ್ಡದೇ ಸಾಕಲ್ಲ," ಎಂದಳು. ಅವನು ಮೊನೆಯನ್ನು ಬೆರಳಿಗೆ ಒತ್ತಿ ನೋಡಿದ. "ನಿನ್ನ ಹೆಂಡ್ತಿ ಸತ್ತದ್ದಕ್ಕೇ ಅಲ್ಲವೇನೋ ಆ ತಾಯಿ ಮನೆ ಕಟ್ಟಿಸಿದ್ದು? ಊರೆಲ್ಲ ನಿನ್ನನ್ನ ಬೈದಾಗ ನಾನು ನಿನ್ನ ಕಡೆ ಮಾತಾಡಿದ್ದೆ. ಕಲ್ಲಿಗೆ ಕೈಮುಗಿಯದಿದ್ರೂ ಮನುಷ್ಯ ಅಂತಿದ್ದೆ. ಥೂ! ದೇವರು ನೋಡ್ತಾನೆ ಕಣೋ. ನಿನ್ನ ಕೈ ಬಿದ್ದುಹೋಗಲಿ!"

"ಆಗಲಿ ಅವ್ವಾ," ಎಂದ ಕೇತೋಜ. ಅವಳು ಅಳುತ್ತ ಹೊರಟುಹೋದಳು. ಅವನು ಮತ್ತೆ ಸಣ್ಣ ಉಳಿಯನ್ನೇ ಕೈಗೆತ್ತಿಕೊಂಡ.

ಗೊತ್ತುಪಡಿಸಿದ ದಿನ ಸೂರ್ಯೋದಯಕ್ಕೇ ಕೆರೆಯ ಏರಿಯ ಮೇಲೆ ಆಸ್ಥಾನ ನೆರೆಯಿತು. ಶಾಸನದ ಸುತ್ತ ಕೆಂಪು ಬಟ್ಟೆಯ ತೆರೆ. ತೆರೆಯ ಸುತ್ತ ಅರಸ, ದಂಡನಾಯಕ, ರಾಜಗುರು, ಸಾಮಂತರು, ಹನ್ನೊಂದು ದೇಗುಲಗಳ ಹನ್ನೊಂದು ಸ್ಥಾನಿಕರು. ಎಲ್ಲರೂ ಕಲ್ಲಿಗೆ ಬೆನ್ನು ಹಾಕಿ, ಎರಡೂ ಕಿವಿಗಳಲ್ಲಿ ಬೆರಳಿಟ್ಟುಕೊಂಡು, ಬಿಸಿಲಲ್ಲಿ ನಿಂತರು. ಕಿವಿ ಮುಚ್ಚಿಕೊಳ್ಳುವ ಮೊದಲು ಕೊಮ್ಮರಸ ಒಮ್ಮೆ ಅಳುಕಿ, "ಪಂಡಿತರೇ, ಅಮ್ಮನವರು ಏನೆಂದುಕೊಂಡಾರು?" ಎಂದು ಕೇಳಿದ. "ಪ್ರಭುಗಳು ಏನನ್ನೂ ನೋಡುತ್ತಿಲ್ಲ. ನೋಡದವನಿಗೆ ಪಾಪವಿಲ್ಲ," ಎಂದರು ಪಂಡಿತರು. ಅರಸನಿಗೆ ಸಮಾಧಾನವಾಯಿತು. ನಾಡನ್ನು ಕಾಯುವ ಪಟ್ಟಾಭಿಷಿಕ್ತನಿಗೆ ಅಷ್ಟೇ ಸಾಕಾಯಿತು.

ಪ್ರಸೂತಿಶಾಲೆಯ ಬಾಗಿಲಲ್ಲಿ ಬಸುರಿ ಹೆಂಗಸರು ಸೊಂಟಕ್ಕೆ ಕೈಯಿಟ್ಟುಕೊಂಡು ಈ ವಿಚಿತ್ರವನ್ನು ನೋಡುತ್ತಿದ್ದರು. ಅವರಿಗೆ ಯಾರೂ ಬೆನ್ನು ತಿರುಗಿಸಲು ಹೇಳಿರಲಿಲ್ಲ. ಅವರ ಪಾಪದ ಚಿಂತೆ ಯಾರಿಗೂ ಇರಲಿಲ್ಲ.

ಭೇರಿ ಮೊಳಗಿತು, ಶಂಖ ಕೂಗಿತು, ಕೇತೋಜ ತೆರೆಯೊಳಗೆ ಹೋದ. ಅಕ್ಷರ ಅಳಿಸುವ ಉಳಿಯ ಸದ್ದು ಒಂದು ತೆರ, ಕೊರೆಯುವ ಉಳಿಯ ಸದ್ದು ಇನ್ನೊಂದು ತೆರ. ಅಳಿಸುವಾಗ ದಪ್ಪ ಉಳಿ ಒರಟಾಗಿ ಕೆರೆಯುತ್ತದೆ. ಕೊರೆಯುವಾಗ ಸಣ್ಣ ಉಳಿ ಟಿಕ್ ಟಿಕ್ ಎಂದು, ತುಸು ನಿಂತು, ಮತ್ತೆ ಟಿಕ್ ಎನ್ನುತ್ತದೆ. ಪಾಪಭೀರುಗಳಾದ ಆ ಮಹಾಜನರಲ್ಲಿ ಒಬ್ಬನೇ ಒಬ್ಬ ಕಿವಿಯಿಂದ ಬೆರಳು ತೆಗೆದು ಆಲಿಸಿದ್ದರೂ, ಒಬ್ಬನೇ ಒಬ್ಬ ತಿರುಗಿ ತೆರೆಯ ಸಂದಿನಲ್ಲಿ ಕಣ್ಣು ಹಾಯಿಸಿದ್ದರೂ ಗುಟ್ಟು ರಟ್ಟಾಗುತ್ತಿತ್ತು. ಯಾರೂ ಆ ಸಾಹಸ ಮಾಡಲಿಲ್ಲ. ಮಾಡಿಸುವ ಪಾಪಕ್ಕೆ ಹೇಸದವರು ನೋಡುವ ಪಾಪಕ್ಕೆ ಹೆದರಿ, ಹೊತ್ತು ನೆತ್ತಿಗೇರಿ ಇಳಿಯುವವರೆಗೂ ಬೆವರು ಸುರಿಸುತ್ತ ನಿಂತೇ ಇದ್ದರು. ಇಬ್ಬರು ಸ್ಥಾನಿಕರು ತಲೆ ತಿರುಗಿ ಬಿದ್ದರು. ಬಿದ್ದವರೂ ಕಿವಿಯಿಂದ ಬೆರಳು ತೆಗೆಯಲಿಲ್ಲ.

ಹೊತ್ತು ಇಳಿಮುಖವಾದಾಗ ಕೇತೋಜ ತೆರೆಯನ್ನು ತಾನೇ ಸರಿಸಿ ಹೊರಬಂದು, ಭೇರಿಯವನಿಗೆ ಕೈ ಮಾಡಿ ನಿಲ್ಲಿಸಿದ. "ಆಯಿತು," ಎಂದ.

ಭೇರಿ ನಿಂತದ್ದನ್ನು ಅರಿತು ಎಲ್ಲರೂ ತಿರುಗಿದರು. ಬೋಳು ಕಲ್ಲನ್ನು ಕಾಣಲು ಮುಂದೆ ಬಂದ ಪಂಡಿತರು ಒಮ್ಮೆಲೇ ನಿಂತರು. ಶಾಸನದ ಒಂದಕ್ಷರವೂ ಅಳಿದಿರಲಿಲ್ಲ. ಖಾಲಿಯಿದ್ದ ನಾಲ್ಕು ಬೆರಳ ಜಾಗದಲ್ಲಿ ಹೊಸ ಅಕ್ಷರಗಳು ಬಿಳಿಯ ಪುಡಿಯೊಡನೆ ಹೊಳೆಯುತ್ತಿದ್ದವು. ಅಕ್ಷರ ಕಂಡರೆ ಗಟ್ಟಿಯಾಗಿ ಓದುವುದು ಪಂಡಿತರ ಜನ್ಮದ ಅಭ್ಯಾಸ. ಬಾಯಿ ತಡೆಯುವ ಮೊದಲೇ ಓದಿಬಿಟ್ಟರು:

"ಇದನ್ ಅಳಿಯಲ್ ಪೇಳ್ದ ದಂಡನಾಯಕ ಬೊಪ್ಪದೇವಂಗಂ, ಉಪಾಯಮಂ ಕೊಟ್ಟ ತ್ರಿಲೋಚನಪಂಡಿತಂಗಂ, ಬೆನ್ನಂ ತೋರಿ ನಿಂದರ್ಗಂ ಇದೇ ಗತಿ."

ಅಳಿಸು ಎಂದವನಿಗೂ, ಉಪಾಯ ಹೇಳಿಕೊಟ್ಟವನಿಗೂ, ಬೆನ್ನು ತೋರಿಸಿ ನಿಂತವರಿಗೂ ಅದೇ ಅರವತ್ತು ಸಾವಿರ ವರುಷ, ಅದೇ ಹುಳು, ಅದೇ ಜಾಗ. ಓದಿದ ಪಂಡಿತರ ಧ್ವನಿ ಕೊನೆಯಲ್ಲಿ ಕೀರಲಾಯಿತು. ಸ್ಥಾನಿಕರು ತಮ್ಮ ತಮ್ಮ ಬೆನ್ನುಗಳನ್ನು ಮುಟ್ಟಿ ನೋಡಿಕೊಂಡರು. ಕೊಮ್ಮರಸ ಬಿಳಿಚಿಕೊಂಡು ಕಲ್ಲಿನ ಮೇಲೆ ತನ್ನ ಹೆಸರನ್ನು ಹುಡುಕಿದ; ಹೆಸರು ಇರಲಿಲ್ಲವೆಂದು ಉಸಿರುಬಿಟ್ಟವನು ಮೂರನೆಯ ಮಾತನ್ನು ಮತ್ತೊಮ್ಮೆ ಓದಿ ಕುಸಿದು ಕುಳಿತ.

"ಇದೇನು ಮಾಡಿದೆ, ನೀಚಾ?" ಬೊಪ್ಪದೇವ ಗರ್ಜಿಸಿದ.

"ಒಡೆಯರು ನರಕದ ಬಾಬತ್ತನ್ನು ನನ್ನೊಬ್ಬನಿಗೇ ವಹಿಸಿದ್ದಿರಿ. ನನಗೆ ಅದರಲ್ಲಿ ನಂಬಿಕೆಯಿಲ್ಲ. ನನಗೆ ಕೊಟ್ಟರೆ ದಂಡವಾಗುತ್ತದೆ. ನಂಬುವವರಿಗೇ ಸಲ್ಲಲೆಂದು ಹಂಚಿದೆ," ಎಂದ ಕೇತೋಜ.

"ಭಟಾ! ಆ ಕೈಯನ್ನು ಕಡಿ! ಈ ಕ್ಷಣವೇ ಕಡಿ!"

ಭಟ ಕತ್ತಿ ಹಿರಿದ. ಕೇತೋಜ ಅರಸನ ಕಡೆ ನೋಡಿದ. ಅರಸ ನೆಲ ನೋಡುತ್ತಿದ್ದ. ಆಗ ರೂವಾರಿ ತಾನಾಗಿಯೇ ಬಲಗೈಯನ್ನು ಶಾಸನದ ಪೀಠದ ಮೇಲೆ ಚಾಚಿದ. ಕತ್ತಿ ಇಳಿಯುವುದಕ್ಕೂ ಪಂಡಿತರು "ಬೇಡ! ದಂಡನಾಯಕರೇ, ಬೇಡ! ನಿಲ್ಲಿಸಿ!" ಎಂದು ಅರಚುತ್ತ ಓಡಿ ಬರುವುದಕ್ಕೂ ಸರಿಹೋಯಿತು.

ಪಂಡಿತರಿಗೆ ಕರುಣೆ ಉಕ್ಕಿತ್ತೆಂದು ಯಾರೂ ಭಾವಿಸಬಾರದು. "ಅಯ್ಯೋ, ಏನು ಮಾಡಿಸಿಬಿಟ್ಟಿರಿ!" ಎಂದು ಅವರು ತಲೆ ಚಚ್ಚಿಕೊಂಡರು. "ಶಾಪವನ್ನು ಹಿಂತೆಗೆಯುವ ಅಧಿಕಾರ ಶಾಪ ಕೊಟ್ಟವನಿಗೊಬ್ಬನಿಗೇ! ಯಾವ ಪುರಾಣದಲ್ಲಾದರೂ ನೋಡಿ! ಬೇರೆ ಯಾರು ಅಳಿಸಿದರೂ, ಯಾರ ಕೈಯಿಂದ ಅಳಿಸಿ ಹಾಕಿಸಿದರೂ ಮೊದಲನೆಯ ಶಾಪವೂ ಮೈಮೇಲೆ ಬೀಳುತ್ತದೆ. ಈ ಭೂಮಂಡಲದಲ್ಲಿ ನಮ್ಮ ಹೆಸರನ್ನು ಆ ಕಲ್ಲಿನಿಂದ ತೆಗೆಯಬಲ್ಲ ಕೈ ಇದ್ದದ್ದು ಅದೊಂದೇ!"

ಎಲ್ಲರೂ ಪೀಠದ ಬುಡದಲ್ಲಿ ಬಿದ್ದಿದ್ದ ಆ ಕೈಯನ್ನು ನೋಡಿದರು. ಬೆರಳುಗಳಿಗೆ ಇನ್ನೂ ಕಲ್ಲಿನ ಪುಡಿ ಅಂಟಿಕೊಂಡಿತ್ತು.

ಮಾಕವ್ವೆ ಹೆಂಗಸರನ್ನು ಕರೆದುಕೊಂಡು ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಕೇತೋಜನನ್ನು ಒಳಗೆ ಹೊತ್ತೊಯ್ದಳು. ಕಾಸಿದ ಎಣ್ಣೆಯಲ್ಲಿ ಗಾಯ ಸುಟ್ಟು, ಬಟ್ಟೆ ಸುತ್ತಿ, ಒಂಬತ್ತು ದಿನ ಜ್ವರದಲ್ಲಿದ್ದವನಿಗೆ ಗಂಜಿ ಕುಡಿಸಿದಳು. ಅವನು ಕಣ್ಣು ಬಿಟ್ಟ ದಿನ, "ನನ್ನ ನಾಲಿಗೆ ಸುಟ್ಟುಹೋಗಲಿ! ನಿನ್ನ ಕೈ ಬಿದ್ದುಹೋಗಲಿ ಅಂದುಬಿಟ್ಟೆನಲ್ಲೋ ಮಗಾ," ಎಂದು ಗೋಳೋ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಆದರೂ ಮನೆ ಉಳೀತು. ಈಗಲಾದರೂ ಒಪ್ಕೋ, ದೇವರಿದ್ದಾನೆ," ಎಂದಳು.

"ಇದ್ದರೂ ಇರಬಹುದು ಅವ್ವಾ," ಎಂದ ಕೇತೋಜ ಮೆಲ್ಲಗೆ. "ಆದರೆ ಅವನಿಗೆ ಕೈ ನಂದೇ ಬೇಕಾಯಿತು, ನೋಡು."

ಕೊಮ್ಮರಸ ಆ ವಾರವೇ ದತ್ತಿಯನ್ನು ದೃಢಪಡಿಸಿ, ಗದ್ದೆಗೆ ಇನ್ನೊಂದು ತೋಟ ಸೇರಿಸಿ, ಶಾಸನಕ್ಕೆ ಕಾವಲಿಟ್ಟ. ತಾಯಿಯ ಮೇಲಿನ ಪ್ರೀತಿಯಿಂದ ಎಂದು ವಂದಿಮಾಗಧರು ಹಾಡಿದರು. ಬೆನ್ನ ಮೇಲಿನ ಭಯದಿಂದ ಎಂದು ಬಸುರಿ ಹೆಂಗಸರು ನಕ್ಕರು. ಕುಂದವಾಡಿಯ ಬೀಗರು ಸಂಬಂಧ ಮುರಿದುಕೊಂಡರು. ಹುಳುವಾಗಲಿರುವವನ ಮಗಳನ್ನು ತಂದುಕೊಳ್ಳಲು ಅವರ ಕುಲಗೌರವ ಒಪ್ಪಲಿಲ್ಲ. ರಂಗಮಂಟಪದ ಪ್ರವಚನ ಮುಂದುವರಿಯಿತು. ಆದರೆ ನರಕದ ಮಾತು ಬಂದಾಗಲೆಲ್ಲ ಕೇಳುವವರು ಪಂಡಿತರ ಮುಖ ನೋಡಿ ಕೆಮ್ಮುತ್ತಿದ್ದುದರಿಂದ, ಅವರು ಸ್ವರ್ಗವನ್ನೇ ವರ್ಣಿಸತೊಡಗಿದರು. ಸ್ವರ್ಗದ ಬಗ್ಗೆ ಅವರಿಗೆ ಅಷ್ಟೇನೂ ತಿಳಿದಿರಲಿಲ್ಲ. ಜನ ಬರುವುದು ಕಡಿಮೆಯಾಯಿತು.

ಮರುವರುಷ ಒಂದು ಮಧ್ಯಾಹ್ನ ಬೊಪ್ಪದೇವ ದಂಡನಾಯಕ ಪಲ್ಲಕ್ಕಿಯಿಲ್ಲದೆ, ನಡೆದೇ, ಪ್ರಸೂತಿಶಾಲೆಗೆ ಬಂದ. ಅರ್ಧ ಸೊರಗಿದ್ದ. ಊಟದೆಲೆಯಲ್ಲಿ ಸಣ್ಣ ಹುಳು ಕಂಡರೂ ಮೂರ್ಛೆ ಹೋಗುತ್ತಾನೆಂದು ಊರೆಲ್ಲ ಸುದ್ದಿಯಾಗಿತ್ತು. ಜಗಲಿಯ ಮೇಲೆ ಕೇತೋಜ ಬಾಣಂತಿಯರಿಗೆ ಮದ್ದು ಅರೆಯುತ್ತಿದ್ದ. ಗುಂಡುಕಲ್ಲು ಅವನ ಎಡಗೈಯಲ್ಲಿ ಸರಾಗವಾಗಿ ತಿರುಗುತ್ತಿತ್ತು. ಬೊಪ್ಪದೇವ ಆ ಎಡಗೈಯನ್ನು ಆಸೆಯಿಂದ ನೋಡಿದ. ಒಳಗೆಲ್ಲೋ ಈಗತಾನೆ ಹುಟ್ಟಿದ ಕೂಸೊಂದು ಅಳುತ್ತಿತ್ತು.

"ಓಜರೇ," ಎಂದ ಮಹಾಪ್ರಧಾನ. ಅವನ ಬಾಯಲ್ಲಿ ಆ ಬಹುವಚನ ಬಂದದ್ದು ಅದೇ ಮೊದಲು. "ತಪ್ಪಾಯಿತು. ನಿಮ್ಮ ಎಡಗೈ ಪಳಗಿದೆ. ಒಂದೇ ಒಂದು ಹೆಸರು, ನಾಲ್ಕೇ ಅಕ್ಷರ. ಅಳಿಸಿಬಿಡಿ. ಏನು ಬೇಕಾದರೂ ಕೊಡುತ್ತೇನೆ." ಹೀಗೆಂದವನು ಜಗಲಿಯ ಕೆಳಗೆ ಮಂಡಿಯೂರಿದ.

ಕೇತೋಜ ಮದ್ದನ್ನು ಬೆರಳಿನಿಂದ ಮುಟ್ಟಿ, ನುಣ್ಣಗಾಯಿತೇ ಎಂದು ನೋಡಿಕೊಂಡ.

"ಅಳಿಸಬಹುದಿತ್ತು, ಒಡೆಯಾ," ಎಂದ. "ಆದರೆ ಎಡಗೈಯಿಂದ ಮಾಡಿದ್ದು ದೇವರಿಗೆ ಸಲ್ಲದು ಎಂದರಲ್ಲ, ಪಂಡಿತರು."